ಕಾಫಿಯಲ್ಲಿ ಬೆರೆಸಿದ ಮಾತ್ರೆ, ಕ್ಲೋಜಪಿನ್ ಎಂಬ ಭಯ

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು, ಅಡಿಕೆ ತೋಟದವರು. ನನ್ನ ತಮ್ಮನಿಗೆ ಈಗ 31 ವರ್ಷ. ಏಳು ವರ್ಷದ ಹಿಂದೆ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ, ಪಕ್ಕದ ರೂಮಿನವರು ತನ್ನ ಬಗ್ಗೆಯೇ ಮಾತಾಡುತ್ತಾರೆ, ಫೋನ್ ಕದ್ದು ಕೇಳುತ್ತಾರೆ ಎನ್ನಲು ಶುರು ಮಾಡಿದ. ಸ್ಕಿಜೋಫ್ರೇನಿಯಾ ಎಂದರು. ಮೊದಲು ರಿಸ್ಪೆರಿಡೋನ್ ಕೊಟ್ಟರು, ಎರಡು ವರ್ಷದಿಂದ ಒಲಾಂಜಪಿನ್. ಹೇಳಿಕೊಳ್ಳುವಷ್ಟು ಗುಣ ಕಾಣಲಿಲ್ಲ. ಈಗಲೂ ಒಬ್ಬನೇ ಮಾತಾಡುತ್ತಾನೆ. ಸ್ನಾನ ಮಾಡಿಸಲು ಎಂಟು ದಿನ ಗೋಗರೆಯಬೇಕು. ಬೀಡಿ ದಿನಕ್ಕೊಂದು ಕಟ್ಟು. ಮಾತ್ರೆ ನುಂಗು ಎಂದರೆ ಸಿಟ್ಟಾಗುತ್ತಾನೆ, ಹಾಗಾಗಿ ಅಮ್ಮ ಪುಡಿ ಮಾಡಿ ಕಾಫಿಗೆ ಹಾಕಿ ಕೊಡುತ್ತಾಳೆ. ಇದನ್ನು ಡಾಕ್ಟರಿಗೆ ಹೇಳಿಲ್ಲ. ಹೋದ ತಿಂಗಳು ಅವರು ಕ್ಲೋಜಪಿನ್ ಶುರು ಮಾಡೋಣ, ಪ್ರತಿ ವಾರ ರಕ್ತ ಪರೀಕ್ಷೆ ಬೇಕು, ಅದಕ್ಕೂ ಬಗ್ಗದಿದ್ದರೆ ಕರೆಂಟ್ ಚಿಕಿತ್ಸೆ ನೋಡೋಣ ಎಂದರು. ನಮ್ಮ ಭಾವ ಇಂಟರ್‌ನೆಟ್ ನೋಡಿ, ಅದು ರಕ್ತವನ್ನೇ ಕೆಡಿಸುವ ಔಷಧಿ, ಅಮೆರಿಕದಲ್ಲಿ ಹೊಸ ಮಾತ್ರೆ ಬಂದಿದೆ, ಅದು ಸಿಗುವ ತನಕ ಕಾಯೋಣ ಎನ್ನುತ್ತಾರೆ. ದೊಡ್ಡಮ್ಮ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನನಗೂ ಇಬ್ಬರು ಮಕ್ಕಳಿದ್ದಾರೆ, ಅವರಿಗೂ ಬರಬಹುದಾ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಕ್ಲೋಜಪಿನ್ ಬಗ್ಗೆ, ಹೊಸ ಮಾತ್ರೆ ಬಗ್ಗೆ, ಮಕ್ಕಳ ಬಗ್ಗೆ. ಎಲ್ಲಕ್ಕೂ ಬರುತ್ತೇನೆ. ಆದರೆ ನನ್ನ ಕಣ್ಣು ನಿಂತದ್ದು ನೀವು ನಡುವೆ ಹೇಳಿ ಮುಂದೆ ಹೋದ ಒಂದು ಮಾತಿನ ಮೇಲೆ. ಕಾಫಿ.

ನಿಮ್ಮ ಡಾಕ್ಟರು ಎರಡು ಔಷಧಿ ಸೋತಿವೆ ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ಲೆಕ್ಕದಲ್ಲಿ ಒಂದು ಔಷಧಿ ‘ಸೋತಿತು’ ಎನ್ನಬೇಕಾದರೆ ಅದನ್ನು ಸರಿಯಾದ ಡೋಸಿನಲ್ಲಿ, ಕಡಿಮೆ ಎಂದರೂ ಆರು ವಾರ, ಹೆಚ್ಚುಕಡಿಮೆ ಪ್ರತಿ ದಿನ ತಗೊಂಡಿರಬೇಕು. ಅಂಥ ಎರಡು ಔಷಧಿ ಸೋತರೆ ಮಾತ್ರ ‘ಚಿಕಿತ್ಸೆಗೆ ಬಗ್ಗದ ಸ್ಕಿಜೋಫ್ರೇನಿಯಾ’ ಎನ್ನುತ್ತೇವೆ. ಸುಮಾರು ಮೂವರಲ್ಲಿ ಒಬ್ಬರು ಈ ಗುಂಪಿಗೆ ಬರುತ್ತಾರೆ. ನಿಮ್ಮ ತಮ್ಮ ಆ ಗುಂಪಿನವನಾ? ನನಗೆ ಅನುಮಾನ ಇದೆ. ರಿಸ್ಪೆರಿಡೋನ್ ಕಾಲದಲ್ಲಿ ಅವನು ಒಬ್ಬನೇ ಇದ್ದ. ನುಂಗಿದನೋ, ಕಸದ ಬುಟ್ಟಿಗೆ ಹಾಕಿದನೋ ನೋಡಿದವರು ಯಾರು? ಒಲಾಂಜಪಿನ್ ಹೋಗಿದ್ದು ಕಾಫಿಯಲ್ಲಿ. ಪುಡಿ ಪೂರ್ತಿ ಕರಗುವುದಿಲ್ಲ. ಲೋಟದ ತಳದಲ್ಲಿ ಬೆಳ್ಳಗೆ ನಿಂತಿರುತ್ತದೆ. ಅವನು ಅರ್ಧ ಕುಡಿದು ಎದ್ದು ಹೋದ ದಿನ ಅರ್ಧ ಡೋಸೂ ಹೋಗಿರುವುದಿಲ್ಲ. ಮನೆಗೆ ನೆಂಟರು ಬಂದ ದಿನ ಅಮ್ಮನಿಗೆ ಪುಡಿ ಮಾಡಲು ಆಗಿರುವುದಿಲ್ಲ. ಇದೆಲ್ಲ ಗೊತ್ತಿಲ್ಲದೆ ಡಾಕ್ಟರು ಡೋಸ್ ಏರಿಸುತ್ತಾ ಹೋಗಿರುತ್ತಾರೆ.

ಅಮ್ಮನನ್ನು ಬೈಯಲು ಹೇಳುತ್ತಿಲ್ಲ. ನನ್ನ ಓಪಿಡಿಯಲ್ಲಿ ಕಾಫಿ, ಸಾರು, ಮಜ್ಜಿಗೆ, ರಾಗಿಮುದ್ದೆ ಎಲ್ಲದರೊಳಗೂ ಮಾತ್ರೆ ಹೋಗಿದ್ದನ್ನು ಕೇಳಿದ್ದೇನೆ. ಒಂದು ಮನೆಯಲ್ಲಿ ಹೋಳಿಗೆ ಹೂರಣಕ್ಕೆ ಹಾಕಿದ್ದರು, ಅದನ್ನು ಮನೆಯ ಅಳಿಯ ತಿಂದು ಸಂಜೆ ತನಕ ಮಲಗಿಬಿಟ್ಟ. ಬೇರೆ ದಾರಿ ಕಾಣದೆ ಮಾಡುವ ಕೆಲಸ ಇದು. ಆದರೆ ಇದರಲ್ಲಿ ಒಂದು ದೊಡ್ಡ ತೊಡಕಿದೆ. ಈ ಕಾಯಿಲೆಯಲ್ಲಿ ಸಂಶಯ ಇದ್ದೇ ಇರುತ್ತದೆ, ‘ನನ್ನ ಊಟಕ್ಕೆ ಏನೋ ಹಾಕುತ್ತಾರೆ’ ಎನ್ನುವ ರೋಗಿಗಳು ಬಹಳ. ನಿಮ್ಮ ಮನೆಯಲ್ಲಿ ಅದು ನಿಜ. ಒಂದು ದಿನ ಅವನು ಲೋಟದ ತಳ ನೋಡಿದರೆ, ಅವನ ಸಂಶಯಕ್ಕೆ ನೀವೇ ಸಾಕ್ಷಿ ಕೊಟ್ಟಂತೆ. ಆಮೇಲೆ ಅವನು ನಿಮ್ಮ ಕೈಯ ಊಟವನ್ನೂ ಬಿಡಬಹುದು.

ಹಾಗಾಗಿ ಮೊದಲ ಕೆಲಸ, ಡಾಕ್ಟರಿಗೆ ಈ ವಿಷಯ ಹೇಳುವುದು. ಹಾಗೆಂದು ನಾಳೆಯೇ ಪುಡಿ ನಿಲ್ಲಿಸಬೇಡಿ. ಹೇಳಿ, ಅವರು ಹೇಳಿದಂತೆ ಮಾಡಿ. ಅವರ ಮುಂದೆ ಆಗ ಎರಡು ದಾರಿ ಇರುತ್ತವೆ. ಎರಡು ಮೂರು ವಾರ ಆಸ್ಪತ್ರೆಯಲ್ಲಿಟ್ಟು, ನರ್ಸ್ ಎದುರಿಗೆ ಮಾತ್ರೆ ನುಂಗಿಸಿ ನೋಡುವುದು. ಇಲ್ಲವೇ ತಿಂಗಳಿಗೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಕೊಡುವ ಇಂಜೆಕ್ಷನ್. ಇಂಜೆಕ್ಷನ್ನಿಗೆ ಅವನ ಒಪ್ಪಿಗೆ ಬೇಕು, ಆದರೆ ದಿನಾ ಮಾತ್ರೆ ಎಂದು ಜಗಳ ಮಾಡುವವರು ‘ತಿಂಗಳಿಗೊಂದು ಸೂಜಿ’ ಎಂದರೆ ಒಪ್ಪಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಔಷಧಿ ನಿಜವಾಗಿ ಒಳಗೆ ಹೋದ ಮೇಲೆ ಗುಣ ಕಂಡರೆ ಕ್ಲೋಜಪಿನ್ ಮಾತೇ ಬೇಡ. ಕಾಣದಿದ್ದರೆ ನಿಮ್ಮ ಡಾಕ್ಟರು ಹೇಳಿದ್ದೇ ಸರಿ. ಆಗ ಹೊಸ ಮಾತ್ರೆಗೆ ಕಾಯಬಾರದು.

ಯಾಕೆ ಎಂದು ಹೇಳುತ್ತೇನೆ. 1952ರಲ್ಲಿ ಬಂದ ಕ್ಲೋರ್‌ಪ್ರೊಮಜಿನ್‌ನಿಂದ ಹಿಡಿದು ಇವತ್ತಿನ ತನಕ ಈ ಕಾಯಿಲೆಗೆ ಬಂದ ಹೆಚ್ಚಿನ ಮಾತ್ರೆಗಳು ಮಾಡುವ ಕೆಲಸ ಒಂದೇ: ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೂರುವ ಜಾಗವನ್ನು ಮುಚ್ಚುವುದು. ಬಹಳ ರೋಗಿಗಳಲ್ಲಿ ಮೆದುಳಿನ ಒಂದು ಭಾಗ ಡೋಪಮಿನನ್ನು ಜಾಸ್ತಿ ತಯಾರಿಸುತ್ತದೆ. ಅವರಿಗೆ ಇಂಥ ಮಾತ್ರೆ ಹಿಡಿಯುತ್ತದೆ. ಆದರೆ 2012ರಲ್ಲಿ ಲಂಡನ್ನಿನ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಮಾತ್ರೆಗೆ ಬಗ್ಗದ ರೋಗಿಗಳಲ್ಲಿ ಆ ಹೆಚ್ಚಳವೇ ಇರಲಿಲ್ಲ, ಆರೋಗ್ಯವಂತರಂತೆಯೇ ಇತ್ತು. ಅಂದರೆ ನಲ್ಲಿಯಿಂದ ನೀರು ಸೋರುತ್ತಿಲ್ಲ, ನಾವು ನಲ್ಲಿ ಬಿಗಿ ಮಾಡುತ್ತಾ ಕೂತಿದ್ದೇವೆ. ಒಂದು ಕಂಪನಿಯ ಮಾತ್ರೆ ಬಿಟ್ಟು ಇನ್ನೊಂದು, ಅದು ಬಿಟ್ಟು ಮತ್ತೊಂದು ಎಂದು ಐದಾರು ವರ್ಷ ಕಳೆಯುವುದು ಇದೇ ಕಾರಣಕ್ಕೆ ವ್ಯರ್ಥ. ಹಾಗೆ ತಡವಾದಷ್ಟೂ ಕ್ಲೋಜಪಿನ್ ಫಲವೂ ಕಡಿಮೆಯಾಗುತ್ತದೆ ಎಂದು ಕೆಲವು ಅಧ್ಯಯನಗಳು ತೋರಿಸಿವೆ.

ಕ್ಲೋಜಪಿನ್ ಕೂಡ ಡೋಪಮಿನ್ ಜಾಗಕ್ಕೆ ಹೋಗುತ್ತದೆ, ಆದರೆ ಅಲ್ಲಿ ಸಡಿಲವಾಗಿ ಕೂರುತ್ತದೆ. ಬೇರೆ ಹತ್ತಾರು ಕಡೆಯೂ ಕೆಲಸ ಮಾಡುತ್ತದೆ. ಅದರಲ್ಲಿ ಯಾವುದರಿಂದ ಗುಣ ಎಂದು ಇನ್ನೂ ಯಾರೂ ಖಚಿತವಾಗಿ ಹೇಳಿಲ್ಲ. ಆದರೆ ಗುಣ ಕೊಡುತ್ತದೆ ಎನ್ನುವುದು ಗಟ್ಟಿ. 1988ರಲ್ಲಿ ಅಮೆರಿಕದಲ್ಲಿ ಯಾವ ಮಾತ್ರೆಗೂ ಬಗ್ಗದ 268 ರೋಗಿಗಳನ್ನು ಎರಡು ಗುಂಪು ಮಾಡಿದರು. ಆರು ವಾರದಲ್ಲಿ ಹಳೆ ಔಷಧಿಯಿಂದ ಸುಧಾರಿಸಿದವರು ನೂರಕ್ಕೆ 4, ಕ್ಲೋಜಪಿನ್‌ನಿಂದ 30. ಇನ್ನೂ ಕೆಲವು ತಿಂಗಳು ಕೊಟ್ಟರೆ ಹತ್ತರಲ್ಲಿ ನಾಲ್ವರಿಗೆ ಚೆನ್ನಾಗಿ ಗುಣ ಕಾಣುತ್ತದೆ. ಎಲ್ಲರಿಗೂ ಅಲ್ಲ, ಅದನ್ನೂ ಈಗಲೇ ತಿಳಿದಿರಿ.

ನಿಮ್ಮ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. 1975ರಲ್ಲಿ ಫಿನ್ಲೆಂಡಿನಲ್ಲಿ ಕ್ಲೋಜಪಿನ್ ತೆಗೆದುಕೊಂಡ 8 ಮಂದಿ ಸತ್ತರು. ಅವರ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಇದ್ದಕ್ಕಿದ್ದಂತೆ ಕುಸಿದಿದ್ದವು. ಎಷ್ಟೋ ದೇಶಗಳಲ್ಲಿ ಔಷಧಿಯನ್ನೇ ವಾಪಸ್ ತೆಗೆದರು. ಮೇಲಿನ 1988ರ ಫಲಿತಾಂಶ ಬಂದ ಮೇಲೆ, ರಕ್ತ ಪರೀಕ್ಷೆಯ ಷರತ್ತಿನ ಮೇಲೆ ಅಮೆರಿಕ 1989ರಲ್ಲಿ ಒಪ್ಪಿಗೆ ಕೊಟ್ಟಿತು. ಪರೀಕ್ಷೆ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಲ್ಲಿಯ ಮೊದಲ ವರ್ಷಗಳ ಲೆಕ್ಕ ನೋಡಿ. 11,555 ಮಂದಿಯಲ್ಲಿ 73 ಜನಕ್ಕೆ ರಕ್ತಕಣ ಕುಸಿಯಿತು. ಸತ್ತವರು ಇಬ್ಬರು. ಉಳಿದವರನ್ನು ಕಾಪಾಡಿದ್ದು, ಕುಸಿತವನ್ನು ಬೇಗ ಕಂಡುಹಿಡಿದು ಮಾತ್ರೆ ನಿಲ್ಲಿಸಿದ್ದು.

ಇದರ ಜೊತೆಗೆ ಇನ್ನೊಂದು ವಿಷಯವನ್ನೂ ಭಾವನವರಿಗೆ ತೋರಿಸಿ. ಅದೇ ಫಿನ್ಲೆಂಡಿನಲ್ಲಿ 66,881 ರೋಗಿಗಳನ್ನು 11 ವರ್ಷ ಹಿಂಬಾಲಿಸಿ 2009ರಲ್ಲಿ ವರದಿ ಕೊಟ್ಟರು. ಈ ಕಾಯಿಲೆಯ ಔಷಧಿಗಳಲ್ಲೆಲ್ಲ ಅತಿ ಕಡಿಮೆ ಸಾವು ಕಂಡಿದ್ದು ಕ್ಲೋಜಪಿನ್ ತೆಗೆದುಕೊಂಡವರಲ್ಲಿ. ಆತ್ಮಹತ್ಯೆಯ ಯೋಚನೆ ಇರುವ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಈ ಔಷಧಿಯನ್ನೇ ವಿಶೇಷವಾಗಿ ಕೊಡುವುದೂ ಇದೆ.

ರಕ್ತ ಪರೀಕ್ಷೆ ಎಂದರೆ ಹೆದರುವಂಥದ್ದೇನಲ್ಲ. ಸಾಮಾನ್ಯ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ನಿಮ್ಮ ತಾಲ್ಲೂಕಿನ ಯಾವ ಲ್ಯಾಬಿನಲ್ಲೂ ಆಗುತ್ತದೆ. ವರದಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಸಾಲು ನೋಡಬೇಕು. ಮೊದಲ 18 ವಾರ ವಾರಕ್ಕೊಮ್ಮೆ, ಯಾಕೆಂದರೆ ಅಪಾಯ ಹೆಚ್ಚಿರುವುದು ಆ ಅವಧಿಯಲ್ಲೇ. ಆಮೇಲೆ ಅಂತರ ಹೆಚ್ಚುತ್ತಾ ತಿಂಗಳಿಗೊಮ್ಮೆಗೆ ಬರುತ್ತದೆ. ಅಮೆರಿಕದಲ್ಲಿ 2025ರಲ್ಲಿ, ವರದಿ ತೋರಿಸದೆ ಮಾತ್ರೆ ಕೊಡುವಂತಿಲ್ಲ ಎಂಬ ಕಟ್ಟುನಿಟ್ಟನ್ನು ತೆಗೆದರು. ಆ ನಿಯಮದಿಂದಲೇ ಎಷ್ಟೋ ಜನಕ್ಕೆ ಔಷಧಿ ಸಿಗದೆ ಹೋಗುತ್ತಿತ್ತು ಎನ್ನುವುದು ಕಾರಣ. ಹಾಗೆಂದು ಪರೀಕ್ಷೆಯೇ ಬೇಡ ಎಂದು ಯಾರೂ ಹೇಳಿಲ್ಲ, ನೀವೂ ತಪ್ಪಿಸಬೇಡಿ. ವಾರದ ನಡುವೆ ಜ್ವರ ಬಂದರೆ, ಗಂಟಲು ನೋವು ಬಂದರೆ ಕಷಾಯ ಕುಡಿಸಿ ಕಾಯಬೇಡಿ. ಅವತ್ತೇ ಸಿಬಿಸಿ ಮಾಡಿಸಿ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಭಾವನವರ ಹಾಗೆ ರಕ್ತದ ಮೇಲೇ ಗಮನ ಇಟ್ಟಂತೆ. ನಾನು ಹೆಚ್ಚು ಹೆದರುವುದು ಬೇರೆಯದಕ್ಕೆ. ಮಲಬದ್ಧತೆಗೆ. ನಗಬೇಡಿ. ಕ್ಲೋಜಪಿನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ರೋಗಿ ತಾನಾಗಿ ಹೇಳುವುದಿಲ್ಲ, ಮನೆಯವರು ಕೇಳುವುದಿಲ್ಲ. ಕರುಳು ಪೂರ್ತಿ ಕಟ್ಟಿಕೊಂಡು ಹೊಟ್ಟೆ ಉಬ್ಬಿ, ವಾಂತಿಯಾಗಿ, ಜೀವಕ್ಕೆ ಬಂದ ಮೇಲೆ ಆಸ್ಪತ್ರೆಗೆ ಓಡುತ್ತಾರೆ. ರಕ್ತಕಣದ ತೊಂದರೆಗೆ ಪರೀಕ್ಷೆ ಇದೆ, ಇದಕ್ಕಿರುವ ಪರೀಕ್ಷೆ ನೀವು ಕೇಳುವ ಒಂದು ಪ್ರಶ್ನೆ: ‘ಇವತ್ತು ಹೊರಕಡೆ ಆಯ್ತಾ?’ ಎರಡು ದಿನ ಆಗದಿದ್ದರೆ ಡಾಕ್ಟರಿಗೆ ಹೇಳಿ. ನಾನಂತೂ ಕ್ಲೋಜಪಿನ್ ಚೀಟಿಯಲ್ಲಿಯೇ ಮಲ ಸಲೀಸಾಗಿಸುವ ಔಷಧಿಯನ್ನೂ ಮೊದಲ ದಿನವೇ ಬರೆಯುತ್ತೇನೆ.

ಮೊದಲ ಒಂದೂವರೆ ತಿಂಗಳಲ್ಲಿ ಹೃದಯದ ಸ್ನಾಯು ಊದಿಕೊಳ್ಳುವ ತೊಂದರೆ ಅಪರೂಪಕ್ಕೆ ಬರುತ್ತದೆ. ಎದೆ ನೋವು, ಏದುಸಿರು, ಕಾರಣವಿಲ್ಲದ ಜ್ವರ, ಸುಮ್ನೆ ಕೂತಾಗಲೂ ಎದೆ ಡವಡವ ಎನ್ನುವುದು ಇದರ ಗುರುತು. ಹೀಗಾದರೆ ತಡ ಮಾಡದೆ ತೋರಿಸಬೇಕು. ಡೋಸನ್ನು ನಿಧಾನವಾಗಿ ಏರಿಸಿದರೆ ಇದು ಕಡಿಮೆ. ಏಷ್ಯಾದ ಜನಕ್ಕೆ ಪಾಶ್ಚಾತ್ಯರಿಗಿಂತ ಕಡಿಮೆ ಡೋಸ್ ಸಾಕು, ಏರಿಕೆ ಇನ್ನೂ ನಿಧಾನ ಇರಲಿ ಎಂದು ಹಲವು ದೇಶಗಳ ತಜ್ಞರು ಸೇರಿ 2022ರಲ್ಲಿ ಸಲಹೆ ಕೊಟ್ಟಿದ್ದಾರೆ. ಅದಕ್ಕೇ 12.5 ಮಿಲಿಗ್ರಾಂನಿಂದ ಶುರು ಮಾಡುತ್ತೇವೆ. ‘ಇಷ್ಟು ಸಣ್ಣ ಚೂರು ಏನು ಮಾಡೀತು’ ಎಂದು ಮನೆಯವರು ಕೇಳುತ್ತಾರೆ. ಕಾಯಬೇಕು ಅಷ್ಟೇ.

ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರಬಹುದು. ನಿದ್ದೆ ಬಹಳ ಬರುತ್ತದೆ. ಡೋಸ್ ಏರಿದಂತೆ ಫಿಟ್ಸ್ ಬರುವ ಸಾಧ್ಯತೆಯೂ ಇದೆ. ಇನ್ನು ಜೊಲ್ಲು. ರಾತ್ರಿ ಜೊಲ್ಲು ಸುರಿದು ಬೆಳಿಗ್ಗೆ ದಿಂಬು ಒದ್ದೆಯಾಗಿರುತ್ತದೆ. ಅಪಾಯವೇನಿಲ್ಲ, ಆದರೆ ಇದಕ್ಕೆ ನಾಚಿಕೊಂಡು ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ದಿಂಬಿನ ಮೇಲೊಂದು ಟವೆಲ್ ಹಾಕಿ, ತಮಾಷೆ ಮಾಡಬೇಡಿ, ಡಾಕ್ಟರಿಗೆ ಹೇಳಿ. ಅದಕ್ಕೂ ಔಷಧಿ ಇದೆ.

ಈಗ ಮತ್ತೆ ಕಾಫಿಗೆ ಬರುತ್ತೇನೆ. ಕ್ಲೋಜಪಿನನ್ನು ಗುಟ್ಟಾಗಿ ಕೊಡಲು ಆಗುವುದೇ ಇಲ್ಲ. ವಾರವಾರ ರಕ್ತ ಕೊಡಬೇಕಾದವನಿಗೆ ಯಾಕೆ ಎಂದು ಹೇಳಲೇಬೇಕು. ಅದಕ್ಕಿಂತ ದೊಡ್ಡ ವಿಷಯ, 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೆ ಡೋಸನ್ನು ಹಾಗೇ ಮುಂದುವರಿಸುವಂತಿಲ್ಲ. ಬಿಪಿ ಇಳಿದು ಬಿದ್ದುಬಿಡಬಹುದು. ಮತ್ತೆ 12.5ರಿಂದಲೇ ಶುರು. ಎಷ್ಟು ಒಳಗೆ ಹೋಯಿತು ಎಂದು ಗೊತ್ತಿರದ ಲೋಟಕ್ಕೆ ಈ ಔಷಧಿ ಹಾಕುವುದು ತುಂಬಾ ಅಪಾಯ.

ಬೀಡಿಯ ಮಾತು ಬರೆದಿದ್ದು ಒಳ್ಳೆಯದಾಯಿತು. ಹೊಗೆ ಒಳಗೆ ಹೋದರೆ ಯಕೃತ್ತು ಕ್ಲೋಜಪಿನನ್ನು ಬೇಗ ಬೇಗ ಕರಗಿಸಿ ಹೊರಹಾಕುತ್ತದೆ. ಇದು ನಿಕೋಟಿನ್ ಕೆಲಸ ಅಲ್ಲ, ಹೊಗೆಯ ಕೆಲಸ. ಹಾಗಾಗಿ ಕಡ್ಡಿಪುಡಿ ಹಾಕುವವರಲ್ಲಿ ಹೀಗಾಗುವುದಿಲ್ಲ. ಆಸ್ಪತ್ರೆಯಲ್ಲಿ ಬೀಡಿ ಸಿಗದಿದ್ದಾಗ ಡೋಸ್ ಸರಿಹೊಂದಿಸಿರುತ್ತೇವೆ, ಹುಡುಗ ಚೆನ್ನಾಗಿರುತ್ತಾನೆ. ಮನೆಗೆ ಬಂದು ದಿನಕ್ಕೊಂದು ಕಟ್ಟು ಶುರು ಮಾಡುತ್ತಾನೆ, ರಕ್ತದಲ್ಲಿ ಔಷಧಿ ಇಳಿಯುತ್ತದೆ, ಧ್ವನಿಗಳು ವಾಪಸ್ ಬರುತ್ತವೆ. ಮನೆಯವರು ‘ದೃಷ್ಟಿ ತಾಗಿತು’ ಎನ್ನುತ್ತಾರೆ. ಉಲ್ಟಾ ಕೂಡ ಆಗುತ್ತದೆ. ಯಾರೋ ಬುದ್ಧಿ ಹೇಳಿದರು ಎಂದು ಒಂದೇ ದಿನ ಬೀಡಿ ಬಿಟ್ಟರೆ ಔಷಧಿ ಮಟ್ಟ ಏರಿ ತೂಕಡಿಕೆ, ಫಿಟ್ಸ್ ಬರಬಹುದು. ಬಿಡಲಿ, ಬಿಡಬೇಕು, ಆದರೆ ಡಾಕ್ಟರಿಗೆ ಹೇಳಿ ಬಿಡಲಿ.

ಇನ್ನು ಅಮೆರಿಕದ ಮಾತ್ರೆ. ಭಾವ ಓದಿದ್ದು ಸರಿ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿ ಜಾನೊಮೆಲಿನ್-ಟ್ರೋಸ್ಪಿಯಂ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಡೋಪಮಿನ್ ಜಾಗ ಮುಟ್ಟದೆ, ಮಸ್ಕರಿನಿಕ್ ಎಂಬ ಬೇರೆ ಬಾಗಿಲಿನಿಂದ ಹೋಗುವ ಮೊದಲ ಔಷಧಿ ಇದು. ಎಪ್ಪತ್ತು ವರ್ಷದ ನಂತರ ಹೊಸ ದಾರಿ ಸಿಕ್ಕಿತಲ್ಲ ಎಂದು ನಮಗೂ ಖುಷಿಯೇ. ನೀವು ಅಡಿಕೆ ತೋಟದವರು ಎಂದಿರಲ್ಲ, ಒಂದು ತಮಾಷೆ ಕೇಳಿ. ಈ ಜಾನೊಮೆಲಿನ್ ಹುಟ್ಟಿದ್ದೇ ಅಡಿಕೆಯಿಂದ! ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶದ ರಚನೆಯನ್ನು ತಿದ್ದಿ ತಿದ್ದಿ ಅದನ್ನು ಮಾಡಿದ್ದು. ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಲ್ಲಿ ಅಡಿಕೆ ಅಗಿಯುವ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಲಕ್ಷಣಗಳು ಸ್ವಲ್ಪ ಕಡಿಮೆ ಎಂದು 2000ದಲ್ಲಿ ಒಂದು ಅಧ್ಯಯನವೂ ಬಂದಿತ್ತು. ಹಾಗೆಂದು ತಮ್ಮನಿಗೆ ಕವಳ ಮಾಡಿ ಕೊಡಬೇಡಿ. ಅಡಿಕೆ ಅಗಿದರೆ ಬಾಯಿ ಕ್ಯಾನ್ಸರ್ ಬರಬಹುದು ಎನ್ನುವುದಕ್ಕೆ ಇದಕ್ಕಿಂತ ಸಾವಿರ ಪಾಲು ಗಟ್ಟಿ ಪುರಾವೆ ಇದೆ.

ಆದರೆ ಈ ಹೊಸ ಮಾತ್ರೆಯನ್ನು ಒಪ್ಪಿಗೆಗಾಗಿ ಪರೀಕ್ಷಿಸಿದ್ದು ಐದು ವಾರ, ಅದೂ ಕಾಯಿಲೆ ಉಲ್ಬಣಿಸಿದವರ ಮೇಲೆ. ಯಾವುದಕ್ಕೂ ಬಗ್ಗದವರನ್ನು ಆ ಪರೀಕ್ಷೆಗಳಿಗೆ ಸೇರಿಸಿರಲಿಲ್ಲ. ಬೇರೆ ಮಾತ್ರೆಯಿಂದ ಪೂರ್ತಿ ಗುಣ ಆಗದವರಿಗೆ ಇದನ್ನೂ ಜೊತೆಗೆ ಕೊಟ್ಟು ನೋಡಿದ ಫಲಿತಾಂಶ 2025ರಲ್ಲಿ ಬಂತು. ಸುಮ್ಮನೆ ಸಕ್ಕರೆ ಗುಳಿಗೆ ಕೊಟ್ಟವರಿಗಿಂತ ಖಚಿತವಾಗಿ ಮೇಲು ಎಂದು ತೋರಿಸಲು ಆಗಲಿಲ್ಲ. ಅಂದರೆ ನಿಮ್ಮ ತಮ್ಮನಂಥವರಿಗೆ ಇದು ಕ್ಲೋಜಪಿನ್‌ಗೆ ಬದಲಿ ಎಂದು ಹೇಳಲು ಇವತ್ತಿಗೆ ಆಧಾರ ಇಲ್ಲ. ಅದಕ್ಕಾಗಿ ಎರಡು ವರ್ಷ ಕಾಯುವುದೆಂದರೆ ಅವನ ವಯಸ್ಸಿನ ಎರಡು ವರ್ಷ ಹೋಗುವುದು.

ಕರೆಂಟ್ ಚಿಕಿತ್ಸೆ ಎಂದರೆ ಸಿನಿಮಾದಲ್ಲಿ ಕೈಕಾಲು ಕಟ್ಟಿ ಕೊಡುವ ದೃಶ್ಯ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಇಂಜೆಕ್ಷನ್ ಇಲ್ಲದೆ ಇಸಿಟಿ (ಕರೆಂಟ್ ಚಿಕಿತ್ಸೆಗೆ ನಾವು ಹೇಳುವ ಹೆಸರು) ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ರೋಗಿ ನಿದ್ದೆಯಲ್ಲಿರುತ್ತಾನೆ, ಕೆಲವೇ ನಿಮಿಷದ ಕೆಲಸ. ಆಮೇಲೆ ತಲೆನೋವು, ಆ ದಿನಗಳ ಮರೆವು ಇರುತ್ತದೆ. ಮರೆವು ಹೆಚ್ಚಿನವರಲ್ಲಿ ನಿಧಾನಕ್ಕೆ ಕಮ್ಮಿಯಾಗುತ್ತದೆ, ಆದರೆ ಕೆಲವು ನೆನಪುಗಳು ವಾಪಸ್ ಬರದೆ ಹೋಗಬಹುದು. ಕ್ಲೋಜಪಿನ್‌ಗೂ ಬಗ್ಗದ 39 ಜನರ ಮೇಲೆ 2015ರಲ್ಲಿ ಬಂದ ಅಧ್ಯಯನದಲ್ಲಿ, ಅದರ ಜೊತೆಗೆ ಇಸಿಟಿ ಕೊಟ್ಟವರಲ್ಲಿ ಅರ್ಧ ಜನ ಸುಧಾರಿಸಿದರು. ಬರೀ ಮಾತ್ರೆಯಲ್ಲಿದ್ದವರಲ್ಲಿ ಒಬ್ಬರೂ ಇಲ್ಲ. ಸಣ್ಣ ಅಧ್ಯಯನ, ಆದರೂ ಕಡೆಗಣಿಸುವಂಥದ್ದಲ್ಲ. ನಿಮಗೆ ಅದು ಈಗಿನ ಪ್ರಶ್ನೆ ಅಲ್ಲ, ಬಿಡಿ.

ಮದುವೆ ಬೇಡ. ಈ ಸ್ಥಿತಿಯಲ್ಲಿ ಮದುವೆ ಅವನಿಗೆ ಔಷಧಿ ಅಲ್ಲ, ಹೊಸ ಒತ್ತಡ. ಮುಚ್ಚಿಟ್ಟು ಮಾಡಿದರೆ ಬರುವ ಹುಡುಗಿಗೆ ಅನ್ಯಾಯ. ಗುಣವಾಗಿ, ಅವನೇ ಬಯಸಿ, ಎಲ್ಲ ಹೇಳಿ ಮಾಡಿಕೊಂಡರೆ ಅದು ಬೇರೆ ಮಾತು. ಇನ್ನು ನಿಮ್ಮ ಮಕ್ಕಳು. ಸಾಮಾನ್ಯ ಜನರಲ್ಲಿ ಈ ಕಾಯಿಲೆ ಬರುವುದು ನೂರರಲ್ಲಿ ಒಬ್ಬರಿಗೆ ಎಂದುಕೊಂಡರೆ, ಸೋದರಮಾವನಿಗೆ ಇದ್ದಾಗ ಅದು ನೂರರಲ್ಲಿ ಮೂರು ನಾಲ್ಕು. ಅಂದರೆ ತೊಂಬತ್ತಾರು ಜನಕ್ಕೆ ಬರುವುದಿಲ್ಲ. 2022ರ ದೊಡ್ಡ ಅಧ್ಯಯನವೊಂದು ವಂಶವಾಹಿಗಳಲ್ಲಿ 287 ಜಾಗಗಳನ್ನು ಗುರುತಿಸಿದೆ. ಒಂದೊಂದರ ಪಾಲೂ ಚೂರು ಚೂರು. ಹಾಗಾಗಿ ಜೀನ್ ಟೆಸ್ಟ್ ಮಾಡಿ ಹೇಳುತ್ತೇವೆ ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಮಕ್ಕಳು ದೊಡ್ಡವರಾದಾಗ ಗಾಂಜಾದಿಂದ ದೂರ ಇರಲಿ. ನೀವು ಮಾಡಬಹುದಾದ ನಿಜವಾದ ಮುನ್ನೆಚ್ಚರಿಕೆ ಅದೇ.

ಇದೆಲ್ಲ ಹಳ್ಳಿಯಿಂದ ಆಗುತ್ತದಾ ಎಂಬ ಯೋಚನೆ ನಿಮಗಿರಬಹುದು. ನಿಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಲ್ಲೇ ಗುರುತಿಸಿ ನೋಡಿಕೊಂಡಿದ್ದಾರೆ. ಚಿಕಿತ್ಸೆ ಸಿಕ್ಕವರು ಸಿಗದವರಿಗಿಂತ ಮನೆಗೆಲಸ, ದುಡಿಮೆ, ಜನರ ಜೊತೆ ಬೆರೆಯುವುದರಲ್ಲಿ ಎಷ್ಟೋ ಮೇಲಿದ್ದರು. ಕ್ಲೋಜಪಿನ್ ಶುರು ಮಾಡುವುದು ಮಾತ್ರ ಆಸ್ಪತ್ರೆಯಲ್ಲೇ ಆಗಲಿ, ಆಮೇಲಿನ ಸಿಬಿಸಿ ಊರಲ್ಲಿ ಮಾಡಿಸಿ. ರಾತ್ರಿ ಹೊತ್ತು ಏನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ತಮ್ಮನಿಗೆ ಕಾಫಿ ವಿಷಯ ಹೇಗೆ ಹೇಳುವುದು? ಇದನ್ನು ಡಾಕ್ಟರ ಎದುರಿಗೆ, ಅವರ ನೆರವಿನಿಂದ ಮಾಡಿ. ‘ನಿನಗೆ ಗುಣವಾಗಲಿ ಎಂದು ಹಾಗೆ ಮಾಡಿದ್ವಿ, ಇನ್ನು ಕೇಳದೆ ಹಾಕಲ್ಲ’ ಎಂದು ಅಮ್ಮನೇ ಹೇಳಿದರೆ ಒಳ್ಳೆಯದು. ಕೂಗಾಡಬಹುದು. ಒಂದೆರಡು ದಿನ ಅಮ್ಮನ ಕೈಯಿಂದ ಏನೂ ಕುಡಿಯದೆ ಇರಬಹುದು. ಬಲವಂತ ಮಾಡಬೇಡಿ, ಫ್ಲಾಸ್ಕಿನಿಂದ ಅವನೇ ಬಗ್ಗಿಸಿಕೊಳ್ಳಲಿ. ಅವನ ದೂರು ಏನು ಎಂದೂ ಕೇಳಿ. ‘ನಿದ್ದೆ ಬರಲ್ಲ’, ‘ತಲೆಯಲ್ಲಿ ಗದ್ದಲ’ ಎಂದಿರುತ್ತಾನೆ. ಕಾಯಿಲೆ ಇದೆ ಎಂದು ಒಪ್ಪದವನೂ ನಿದ್ದೆಗಾಗಿ ಮಾತ್ರೆ ಒಪ್ಪುತ್ತಾನೆ.

ಮುಂದಿನ ಸಲ ಹೋಗುವಾಗ ಹಳೆಯ ಚೀಟಿಗಳೆಲ್ಲ ಇರುವ ಫೈಲ್ ತಗೊಂಡು ಹೋಗಿ. ಒಂದು ಹಾಳೆಯಲ್ಲಿ ಯಾವ ಮಾತ್ರೆ ಯಾವಾಗ, ಯಾರ ಕೈಯಿಂದ, ಎಷ್ಟು ದಿನ ಎಂದು ಬರೆಯಿರಿ. ಬೀಡಿ ಎಷ್ಟು ಎಂದೂ ಬರೆಯಿರಿ. ದಿನಕ್ಕೆ ಎಷ್ಟು ಲೋಟ ಕಾಫಿ ಎನ್ನುವುದನ್ನೂ ಸೇರಿಸಿ, ಏಕೆಂದರೆ ಏನೂ ಬೆರೆಸದ ಬರೀ ಕಾಫಿಯೂ ರಕ್ತದಲ್ಲಿ ಕ್ಲೋಜಪಿನ್ ಮಟ್ಟವನ್ನು ಏರಿಸುತ್ತದೆ.